ಹೊಳೆಯಬೇಕೋ, ಉಳಿಯಬೇಕೋ

ಹಳೆಯ ಕ್ಷೌರಕತ್ತಿಯೊಂದು ಕೈಗೆ ಸಿಕ್ಕರೆ ಸಾಮಾನ್ಯವಾಗಿ ಎಲ್ಲರೂ ಅದನ್ನು ಬಿಚ್ಚಿ ಬಾಯಿಯ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ಪಳಗಿದ ಸಂಗ್ರಹಕಾರರು ಹಾಗೆ ಮಾಡುವುದಿಲ್ಲ. ಅಲಗು ಮುಗಿದು ಬಾಲ ಶುರುವಾಗುವ ನಡುವೆ ಸಣ್ಣದೊಂದು ಕುತ್ತಿಗೆ ಇರುತ್ತದೆ. ಕತ್ತಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಅವರು ಮೊದಲು ಓದುವುದು ಆ ಕುತ್ತಿಗೆಯನ್ನು. ಮಾಡಿದವನ ಹೆಸರು, ಊರು, ಒಮ್ಮೊಮ್ಮೆ ಒಂದು ಕಿರೀಟ, ಒಂದು ನಕ್ಷತ್ರ, ಒಂದು ಶಿಲುಬೆ, ಎಲ್ಲ ಅಚ್ಚೊತ್ತಿರುವುದು ಅಲ್ಲಿಯೇ.

ಈ ಅಚ್ಚುಗಳನ್ನು ಓದಲು ಕಲಿತರೆ ಕತ್ತಿಯ ವಯಸ್ಸು ತಾನಾಗಿ ಗೊತ್ತಾಗುತ್ತದೆ. ಕಿರೀಟದ ಎರಡು ಬದಿಗೆ ‘ಜಿ ಆರ್’ ಎಂದಿದ್ದು ಅಲಗು ಹಳೆಯ ಮಾದರಿಯದಾಗಿದ್ದರೆ ಅದು 1830ಕ್ಕೆ ಹಿಂದಿನ ಜಾರ್ಜ್ ದೊರೆಗಳ ಕಾಲದ್ದು. ‘ವಿ ಆರ್’ ಎಂದರೆ ವಿಕ್ಟೋರಿಯಾ, 1837ರಿಂದ 1901. ಇವೆರಡರ ನಡುವೆ ನಾಲ್ಕನೇ ವಿಲಿಯಂ ಆಳಿದ್ದು ಏಳೇ ವರ್ಷ. ಹಾಗಾಗಿ ‘ಡಬ್ಲ್ಯು ಆರ್’ ಕಂಡರೆ ಸಂಗ್ರಹಕಾರರ ಕಣ್ಣರಳುತ್ತದೆ. ಹೆಸರಿನ ಕೆಳಗೆ ಬರೀ ‘ಶೆಫೀಲ್ಡ್’ ಎಂದಿದ್ದು ‘ಇಂಗ್ಲೆಂಡ್’ ಇಲ್ಲದಿದ್ದರೆ ಅದು 1891ಕ್ಕಿಂತ ಹಳೆಯದಿರುವ ಸಂಭವ ಹೆಚ್ಚು. 1890ರಲ್ಲಿ ಅಮೆರಿಕ ತಂದ ಮೆಕಿನ್ಲಿ ಸುಂಕ ಕಾಯ್ದೆ, ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕೆಂದು ವಿಧಿಸಿತು. ಶೆಫೀಲ್ಡಿನ ದೊಡ್ಡ ಗಿರಾಕಿ ಅಮೆರಿಕವೇ ಆಗಿದ್ದರಿಂದ ಅಲ್ಲಿನ ಅಚ್ಚುಗಳೇ ಬದಲಾದವು. ಅಚ್ಚು ಮಾಸಿದ್ದರೆ ಬಾಲ ನೋಡಬಹುದು. ಹದಿನೆಂಟನೇ ಶತಮಾನದ ಕತ್ತಿಗಳಿಗೆ ಬಾಲ ಇದ್ದೂ ಇಲ್ಲದ ಹಾಗೆ ಮೋಟಾಗಿರುತ್ತದೆ. ಮುಂದಿನ ಶತಮಾನದಲ್ಲಿ ಅದು ಉದ್ದವಾಗುತ್ತ, ಬಾಗುತ್ತ ಹೋಗುತ್ತದೆ.

ದುಃಖದ ಸಂಗತಿಯೆಂದರೆ, ಮಾರುಕಟ್ಟೆಗೆ ಬರುವ ಹಳೆಯ ಕತ್ತಿಗಳಲ್ಲಿ ಅಚ್ಚು ಓದಲಾಗದಂಥವು ಬಹಳ. ಅದಕ್ಕೆ ತುಕ್ಕನ್ನು ದೂರುವುದು ರೂಢಿ. ನನಗೆ ಕಂಡಂತೆ ತುಕ್ಕು ತಿಂದದ್ದಕ್ಕಿಂತ ಉಜ್ಜಿದವರು ತಿಂದದ್ದೇ ಹೆಚ್ಚು. ತುಕ್ಕು ನೂರು ವರ್ಷದಲ್ಲಿ ಮಾಡಿದ ಹಾನಿಯನ್ನು ಮೋಟಾರಿಗೆ ಕಟ್ಟಿದ ಬಟ್ಟೆಚಕ್ರ ಐದು ನಿಮಿಷದಲ್ಲಿ ಮಾಡಿ ಮುಗಿಸುತ್ತದೆ, ಅದೂ ಕನ್ನಡಿಯ ಹೊಳಪಿನೊಂದಿಗೆ. ಕೊಳ್ಳುವವರು ಆ ಹೊಳಪು ನೋಡಿಯೇ ದುಡ್ಡು ಕೊಡುತ್ತಾರೆ.

ಹೊಳಪಿಗಾಗಿ ಏನನ್ನು ಕಳೆದುಕೊಳ್ಳುತ್ತೇವೆ ಎಂಬುದು ತಿಳಿಯಬೇಕಾದರೆ ಈ ಕತ್ತಿಗಳು ಹುಟ್ಟಿದ ಊರಿಗೆ ಹೋಗಬೇಕು.

ಗಡಿಯಾರದವನ ಮೂಸೆ

ಇಂಗ್ಲೆಂಡಿನ ಶೆಫೀಲ್ಡ್ ಐದು ನದಿಗಳ ಊರು. ಬೆಟ್ಟದಿಂದ ಇಳಿಯುವ ನೀರಿಗೆ ಅಡ್ಡಲಾಗಿ ಕಟ್ಟೆ, ಕಟ್ಟೆಯ ಪಕ್ಕ ಚಕ್ರ, ಚಕ್ರಕ್ಕೆ ಸಾಣೆಕಲ್ಲು. ಹೀಗೆ ಹರಿಯುವ ನೀರೆಲ್ಲ ಕತ್ತಿ ಮಸೆಯುವ ಕೆಲಸಕ್ಕೆ ನಿಂತಿತ್ತು. ಚಾಕು, ಕತ್ತರಿ, ಕುಡುಗೋಲು ಮಾಡುವವರ ಸಂಘಕ್ಕೆ 1624ರಲ್ಲೇ ಪಾರ್ಲಿಮೆಂಟಿನ ಮಾನ್ಯತೆ ದೊರೆತಿತ್ತು. ಯಾರು ಯಾವ ಗುರುತು ಒತ್ತಬೇಕು ಎಂಬುದನ್ನು ನೋಂದಾಯಿಸುತ್ತಿದ್ದುದು ಆ ಸಂಘವೇ. ಜೋಸೆಫ್ ರಾಡ್ಜರ್ಸ್ ಮನೆತನದ ನಕ್ಷತ್ರ-ಶಿಲುಬೆ, ವೋಸ್ಟೆನ್‌ಹೋಮ್ ಮನೆತನದ ‘ಐ ಎಕ್ಸ್ ಎಲ್’, ಇವೆಲ್ಲ ಹಾಗೆ ದಾಖಲಾದ ಗುರುತುಗಳು. ಕ್ಯಾಡ್‌ಮನ್ ಎಂಬ ಇನ್ನೊಂದು ಮನೆತನ ತನ್ನ ಕ್ಷೌರಕತ್ತಿಗೆ ಇಟ್ಟ ಹೆಸರು ‘ಬೆಂಗಾಲ್’. ಹೆಸರಿನಲ್ಲಿ ಬಂಗಾಳವಿದ್ದರೂ ಮಾಲು ಪೂರಾ ಶೆಫೀಲ್ಡಿನದೇ.

ಕ್ಷೌರಕತ್ತಿಗೆ ಬೇಕಾದ ಉಕ್ಕು ಬೇರೆ ಚಾಕುಗಳ ಉಕ್ಕಿನಂತಲ್ಲ. ಗಡ್ಡದ ಒಂದು ಕೂದಲಿನ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಅದನ್ನು ಎಳೆಯದೆ ಕೊಯ್ಯಬೇಕಾದರೆ ಅಂಚು ಮೈಕ್ರಾನಿನ ಲೆಕ್ಕದಲ್ಲಿ ತೆಳುವಿರಬೇಕು, ಆ ತೆಳುವಿನಲ್ಲೂ ಮುರಿಯಬಾರದು, ಮಡಚಬಾರದು. ಉಕ್ಕಿನೊಳಗೆ ಕಿಟ್ಟದ ಒಂದು ಎಳೆ ಉಳಿದಿದ್ದರೂ ಅಂಚು ಅಲ್ಲಿಗೇ ಬಿರಿಯುತ್ತದೆ. ಸ್ವೀಡನ್ನಿನಿಂದ ತರಿಸಿದ ಶುದ್ಧ ಕಬ್ಬಿಣದ ಪಟ್ಟಿಗಳನ್ನು ಇದ್ದಿಲ ಪುಡಿಯಲ್ಲಿ ಹೂತು ದಿನಗಟ್ಟಲೆ ಬೇಯಿಸಿ ಉಕ್ಕು ಮಾಡುವ ಪದ್ಧತಿ ಆಗಲೇ ಇತ್ತು. ಆದರೆ ಇಂಗಾಲ ಹೊರಮೈಯಲ್ಲಿ ಹೆಚ್ಚು, ಒಳಗೆ ಕಡಿಮೆ. ಕಿಟ್ಟ ಇದ್ದಲ್ಲೇ ಉಳಿಯುತ್ತಿತ್ತು.

ಇದಕ್ಕೆ ಪರಿಹಾರ ಕಂಡವನು ಕಮ್ಮಾರನಲ್ಲ, ಡಾಂಕಾಸ್ಟರಿನಲ್ಲಿ ಗಡಿಯಾರ ಮಾಡಿಕೊಂಡಿದ್ದ ಬೆಂಜಮಿನ್ ಹಂಟ್ಸ್‌ಮನ್. ಗಡಿಯಾರದ ಸ್ಪ್ರಿಂಗಿಗೆ ಒಳ್ಳೆಯ ಉಕ್ಕು ಸಿಗದೆ ಬೇಸತ್ತು, ಶೆಫೀಲ್ಡಿನ ಬಳಿ ಬಂದು ನೆಲೆಸಿ, 1740ರ ದಶಕದಲ್ಲಿ ಆ ಬೆಂದ ಉಕ್ಕನ್ನು ಮಣ್ಣಿನ ಮೂಸೆಯಲ್ಲಿ ಹಾಕಿ ಪೂರ್ತಿ ಕರಗಿಸಿಯೇ ಬಿಟ್ಟ. ಕರಗಿದರೆ ಕಿಟ್ಟ ಮೇಲಕ್ಕೆ ತೇಲುತ್ತದೆ, ಇಂಗಾಲ ಎಲ್ಲೆಡೆ ಸಮನಾಗುತ್ತದೆ. ಊರಿನ ಚಾಕು ಕಸುಬಿನವರು ಮಾತ್ರ ಅದು ಬಡಿಯಲು ಬಾರದಷ್ಟು ಗಟ್ಟಿ ಎಂದು ದೂರವಿಟ್ಟರು. ಹಂಟ್ಸ್‌ಮನ್ ಫ್ರಾನ್ಸಿಗೆ ಮಾರಿದ. ಫ್ರೆಂಚ್ ಚಾಕುಗಳು ಇಂಗ್ಲೆಂಡಿಗೇ ಬಂದು ಮಾರಾಟವಾಗತೊಡಗಿದಾಗ ಅದೇ ಜನ ಈ ಉಕ್ಕಿನ ರಫ್ತು ನಿಲ್ಲಿಸಿ ಎಂದು ಸರ್ಕಾರದ ಬಾಗಿಲು ತಟ್ಟಿದರು! ಮುಂದೆ ಶೆಫೀಲ್ಡಿನಲ್ಲಿ ಮೂಸೆ ಉಕ್ಕಿಗೆ ಇಂಗಾಲದ ಪ್ರಮಾಣದ ಮೇಲೆ ದರ್ಜೆಗಳು ಗೊತ್ತಾದವು. ಎಲ್ಲಕ್ಕಿಂತ ಮೇಲಿನ ದರ್ಜೆ, ಶೇ 1.5ರಷ್ಟು ಇಂಗಾಲದ್ದು, ಕ್ಷೌರಕತ್ತಿಯದು. ಉಳಿಗೆ ಶೇ 1 ಸಾಕಿತ್ತು.

ಮೂಸೆಯಲ್ಲಿ ಉಕ್ಕು ಮಾಡುವುದು ನಮ್ಮ ಕಡೆಯವರಿಗೆ ಹೊಸದಾಗಿರಲಿಲ್ಲ. ಮೈಸೂರು ಸೀಮೆ, ಸೇಲಂ, ಗೋಲ್ಕೊಂಡದ ಸುತ್ತಮುತ್ತ ಶತಮಾನಗಳಿಂದ ಮುಚ್ಚಿದ ಮೂಸೆಗಳಲ್ಲಿ ಉಕ್ಕಿನ ಗಟ್ಟಿಗಳು ತಯಾರಾಗುತ್ತಿದ್ದವು. ಟಿಪ್ಪುವಿನ ಪತನದ ಮರುವರ್ಷ ಈ ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಆ ಕುಲುಮೆಗಳನ್ನು ಕಂಡು ಬರೆದಿದ್ದಾನೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನೂ ದಾಖಲಿಸಿದ್ದಾನೆ. ಅದಕ್ಕೆ ಸ್ವಲ್ಪ ಮೊದಲು, 1794ರಲ್ಲಿ, ಮುಂಬೈಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಹೆಲೆನಸ್ ಸ್ಕಾಟ್ ಇಂಥ ಉಕ್ಕಿನ ಕೆಲವು ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ್ದ. ‘ವೂಟ್ಸ್’ ಎಂಬ ಹೆಸರಿನಲ್ಲಿ ಅದು ಅಲ್ಲಿನ ವಿಜ್ಞಾನಿಗಳ ನಡುವೆ ದೊಡ್ಡ ಸುದ್ದಿಯಾಯಿತು. ಅದನ್ನು ಬಡಿದು ನೋಡುವ ಕೆಲಸ ಲಂಡನ್ನಿನ ಶಸ್ತ್ರಕಾರ ಜೇಮ್ಸ್ ಸ್ಟೋಡಾರ್ಟ್‌ನ ಪಾಲಿಗೆ ಬಂತು. ಅವನಿಗೆ ಅದು ಎಷ್ಟು ಹಿಡಿಸಿತೆಂದರೆ, ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ಇಂಡಿಯಾದ ಈ ಉಕ್ಕೇ ಮೇಲೆಂದು ತನ್ನ ಅಂಗಡಿಯ ಕಾರ್ಡಿನ ಮೇಲೇ ಮುದ್ರಿಸಿಕೊಂಡ. ಅವನು ಮಾರುತ್ತಿದ್ದುದು ಶಸ್ತ್ರಚಿಕಿತ್ಸೆಯ ಚಾಕು ಮತ್ತು ಕ್ಷೌರಕತ್ತಿ.

ಈ ಉಕ್ಕಿನ ಗುಟ್ಟು ಬಿಡಿಸಲು ಸ್ಟೋಡಾರ್ಟ್ ಜೊತೆಗೂಡಿಸಿಕೊಂಡ ತರುಣ, ಕಮ್ಮಾರನ ಮಗ ಮೈಕೆಲ್ ಫ್ಯಾರಡೆ. ವಿದ್ಯುತ್ತಿನ ಫ್ಯಾರಡೆಯೇ. 1820 ಮತ್ತು 1822ರಲ್ಲಿ ಇಬ್ಬರೂ ಸೇರಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ರೋಡಿಯಂ ಬೆರೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಬೆಳ್ಳಿ ಐನೂರರಲ್ಲಿ ಒಂದು ಪಾಲು ಇದ್ದರೆ ಮಾತ್ರ ಉಕ್ಕಿನಲ್ಲಿ ಬೆರೆಯುತ್ತದೆ, ಅದಕ್ಕಿಂತ ಹೆಚ್ಚಾದರೆ ಬೆವರಿದಂತೆ ಹನಿಹನಿಯಾಗಿ ಹೊರಬರುತ್ತದೆ ಎಂಬುದು ಅವರು ಕಂಡ ಸಂಗತಿಗಳಲ್ಲೊಂದು. ತನ್ನದೇ ಮಿಶ್ರಲೋಹದ ಕ್ಷೌರಕತ್ತಿಗಳನ್ನು ಫ್ಯಾರಡೆ ಗೆಳೆಯರಿಗೆ ಉಡುಗೊರೆ ಕೊಡುತ್ತಿದ್ದ. ಅವನ ಪ್ರಯೋಗದ ತುಣುಕುಗಳು ತುಂಬಿದ್ದ ಪೆಟ್ಟಿಗೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಶತಮಾನ ಕಳೆದ ಮೇಲೂ ಉಳಿದಿತ್ತು. ಶೆಫೀಲ್ಡಿನ ಉಕ್ಕಿನ ಉದ್ಯಮಿ ರಾಬರ್ಟ್ ಹ್ಯಾಡ್‌ಫೀಲ್ಡ್ ಅದರೊಳಗಿದ್ದ 79 ತುಣುಕುಗಳನ್ನು ಪರೀಕ್ಷಿಸಿ 1931ರಲ್ಲಿ ಪುಸ್ತಕವನ್ನೇ ಬರೆದ.

ವ್ಯಾಪಾರಿಗಳು ಫ್ಯಾರಡೆಯಿಂದ ಕಲಿತದ್ದು ಬೇರೆಯೇ ಪಾಠ. ಆಮೇಲಿನ ದಶಕಗಳ ಶೆಫೀಲ್ಡ್ ಕತ್ತಿಗಳ ಮೇಲೆ ‘ಸಿಲ್ವರ್ ಸ್ಟೀಲ್’ ಎಂಬ ಅಚ್ಚು ಧಾರಾಳವಾಗಿ ಕಾಣುತ್ತದೆ. ಬಹುತೇಕ ಅದು ಜಾಹೀರಾತಿನ ಬೆಳ್ಳಿ. ಹಾಗಂತ ಅವು ಕೆಟ್ಟ ಕತ್ತಿಗಳಲ್ಲ. ಆ ಅಚ್ಚು ನೋಡಿ ಇಮ್ಮಡಿ ಬೆಲೆ ಕೊಡಬೇಡಿ ಅಷ್ಟೆ.

ಕಲ್ಲಿನ ಮೇಲೆ ಬಗ್ಗಿದವರು

ಒಂದು ಕ್ಷೌರಕತ್ತಿ ಒಬ್ಬನ ಕೈಯಲ್ಲಿ ಪೂರ್ತಿಯಾಗುತ್ತಿರಲಿಲ್ಲ. ಕೆಂಡದಿಂದ ತೆಗೆದು ಬಡಿದು ಆಕಾರ ಕೊಡುವವನು ಒಬ್ಬ, ಹದ ಹಾಕುವವನು ಇನ್ನೊಬ್ಬ, ಸಾಣೆ ಹಿಡಿಯುವವನು ಮತ್ತೊಬ್ಬ, ಹಿಡಿ ಕೂರಿಸಿ ಮೊಳೆ ಬಡಿಯುವವನು ಬೇರೆಯೇ. ಇವರಲ್ಲಿ ಬಹಳ ಮಂದಿ ಯಾವ ಕಾರ್ಖಾನೆಯ ಆಳುಗಳೂ ಅಲ್ಲ. ಒಂದು ಕೋಣೆ, ಒಂದು ಕಲ್ಲು ಬಾಡಿಗೆಗೆ ಹಿಡಿದು ತುಂಡು ಲೆಕ್ಕದಲ್ಲಿ ದುಡಿಯುವ ಸಣ್ಣ ಯಜಮಾನರು. ಕುತ್ತಿಗೆಯ ಮೇಲಿರುವ ಹೆಸರು ಮಾರಿದವನದು. ಮಾಡಿದವರ ಗುರುತು ಉಳಿದಿರುವುದು ಅಲಗಿನ ಮೇಲಿನ ಸಾಣೆಯ ಗೀರುಗಳಲ್ಲಿ ಮಾತ್ರ. ನೂರೈವತ್ತು, ಇನ್ನೂರು ವರ್ಷ ಹಳೆಯ ಅಲಗನ್ನು ಭೂತಗನ್ನಡಿಯಲ್ಲಿ ನೋಡಿದರೆ ಬೆನ್ನಿನ ಬದಿಯಲ್ಲಿ ಕಲ್ಲು ಓಡಿದ ದಿಕ್ಕು, ಕೈ ತಡೆದ ಜಾಗ, ಎರಡು ಬದಿಯ ಚೂರು ಏರುಪೇರು, ಎಲ್ಲ ಕಾಣುತ್ತವೆ.

ಆ ಗೀರು ಎಳೆದವರ ಆಯುಸ್ಸು ಕಡಿಮೆ. ಮರದ ಜೀನಿನಂಥ ಪೀಠದ ಮೇಲೆ ಕವಚಿಕೊಂಡು ಕುಳಿತು, ಮೂಗಿನಿಂದ ಗೇಣು ದೂರದಲ್ಲಿ ತಿರುಗುವ ಮರಳುಗಲ್ಲಿಗೆ ಉಕ್ಕು ಒತ್ತಬೇಕು. ಕಲ್ಲಿನ ಧೂಳು, ಉಕ್ಕಿನ ಧೂಳು ಎರಡೂ ಎದೆಗೆ ಇಳಿಯುತ್ತಿದ್ದವು. ಶೆಫೀಲ್ಡಿನ ವೈದ್ಯ ಆರ್ನಲ್ಡ್ ನೈಟ್ ಬರೆದದ್ದನ್ನು ಆಧರಿಸಿ ಫ್ರೆಡ್ರಿಕ್ ಎಂಗೆಲ್ಸ್, ಇಂಗ್ಲೆಂಡಿನ ಕಾರ್ಮಿಕರ ಸ್ಥಿತಿಯನ್ನು ಕುರಿತ ತನ್ನ 1845ರ ಪುಸ್ತಕದಲ್ಲಿ ಲೆಕ್ಕ ಕೊಡುತ್ತಾನೆ: ಒಣಗಲ್ಲಿನ ಮೇಲೆ ದುಡಿಯುವವರ ಸರಾಸರಿ ಆಯುಸ್ಸು 35 ದಾಟುವುದು ಕಷ್ಟ, ನೀರು ಹಾಕಿದ ಕಲ್ಲಿನವರದು 45. ಧೂಳು ಹೀರುವ ಯಂತ್ರ ಇಟ್ಟರೆ ಕೆಲಸಗಾರರೇ ಬೇಡವೆನ್ನುತ್ತಿದ್ದರಂತೆ. ಎಲ್ಲರೂ ಹೆಚ್ಚು ಕಾಲ ಬದುಕಿದರೆ ಕಸುಬಿಗೆ ಜನ ಹೆಚ್ಚಾಗಿ ಕೂಲಿ ಇಳಿಯುತ್ತದೆ ಎಂಬ ಭಯ. ಓದಿದಾಗ ಮೈ ಜುಮ್ಮೆನ್ನುವ ಲೆಕ್ಕಾಚಾರ. ಆ ಕಾಲದ ಒಂದು ಕಲ್ಲುಮನೆ, ಶೆಫರ್ಡ್ ವೀಲ್, ಇಂದಿಗೂ ಪೋರ್ಟರ್ ಹೊಳೆಯ ದಂಡೆಯಲ್ಲಿ ವಸ್ತುಸಂಗ್ರಹಾಲಯವಾಗಿ ಉಳಿದಿದೆ. ನೀರಿನ ಚಕ್ರ ತಿರುಗುತ್ತದೆ.

ಹಳೆಯ ಶೆಫೀಲ್ಡ್ ಅಲಗು ಅಡ್ಡಕೊಯ್ತದಲ್ಲಿ ಬೆಣೆಯಂತೆ, ಬೆನ್ನು ದಪ್ಪ, ಬದಿಗಳು ಹೆಚ್ಚುಕಡಿಮೆ ನೇರ. ಹತ್ತೊಂಬತ್ತನೇ ಶತಮಾನ ಸಾಗಿದಂತೆ ಬದಿಗಳನ್ನು ಒಳಕ್ಕೆ ಗುಳಿ ತೆಗೆಯುವ ಪದ್ಧತಿ ಬಂತು. ಕಲ್ಲು ಸಣ್ಣದಾದಷ್ಟು ಗುಳಿ ಆಳ. ಈ ವಿದ್ಯೆಯನ್ನು ತುದಿ ಮುಟ್ಟಿಸಿದವರು ಜರ್ಮನಿಯ ಸೋಲಿಂಗೆನ್ ಊರಿನವರು. ಅವರ ಪೂರ್ಣ ಗುಳಿಯ ಅಲಗು ಅಂಚಿನ ಬಳಿ ಕಾಗದದಷ್ಟು ತೆಳು. ಉಗುರಿನಿಂದ ಮೀಟಿದರೆ ಠಿಣ್ ಎನ್ನುತ್ತದೆ, ಗಡ್ಡದ ಮೇಲೆ ಓಡುವಾಗಲೂ ಸಣ್ಣಗೆ ದನಿ ಮಾಡುತ್ತದೆ. ಮೊದಮೊದಲು ಸೋಲಿಂಗೆನ್ನಿನ ಮಾಲು ಶೆಫೀಲ್ಡಿನ ಹೆಸರು ಹೊತ್ತು ಮಾರಾಟವಾಗುತ್ತಿತ್ತು. ಶೆಫೀಲ್ಡಿನವರ ಕೂಗಿಗೆ 1887ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸರಕು ಗುರುತು ಕಾಯ್ದೆ ತಂದು, ಪರದೇಶದ ಮಾಲಿನ ಮೇಲೆ ಆ ದೇಶದ ಹೆಸರು ಬರೆಯಿಸಿತು. ಕೀಳು ಮಾಲಿನ ಗುರುತಾಗಲಿ ಎಂದು ಹಚ್ಚಿದ ‘ಮೇಡ್ ಇನ್ ಜರ್ಮನಿ’ ಕೆಲವೇ ವರ್ಷಗಳಲ್ಲಿ ಗ್ಯಾರಂಟಿ ಮುದ್ರೆಯಾಗಿ ಕುಳಿತದ್ದು ವ್ಯಾಪಾರದ ಇತಿಹಾಸದ ಒಳ್ಳೆಯ ನಗೆಹನಿಗಳಲ್ಲೊಂದು. 1938ರಲ್ಲಿ ಜರ್ಮನಿ ಕಾನೂನು ಮಾಡಿ ಸೋಲಿಂಗೆನ್ ಎಂಬ ಹೆಸರನ್ನೇ ಕಾಪಿಟ್ಟಿತು. ಈಗ ಕಳ್ಳಮಾಲಿನ ಚಿಂತೆ ಅವರದಾಗಿತ್ತು.

ಸ್ವೀಡನ್ನಿನ ಎಸ್ಕಿಲ್‌ಸ್ಟುನಾ, ಫ್ರಾನ್ಸಿನ ತಿಯೆರ್ ಊರುಗಳದ್ದೂ ದೊಡ್ಡ ಹೆಸರೇ. ಅವುಗಳ ಕಥೆ ಬೇರೆಯೇ.

ಕ್ಷೌರಕತ್ತಿಯ ದರ್ಬಾರು ಇಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಅಮೆರಿಕದವನು ಬಳಸಿ ಎಸೆಯುವ ಬ್ಲೇಡನ್ನು ಮಾರುಕಟ್ಟೆಗಿಟ್ಟ ಮೊದಲ ವರ್ಷ, 1903ರಲ್ಲಿ, ಖರ್ಚಾದ ರೇಜರುಗಳು 51. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸರ್ಕಾರವೇ ಸೈನಿಕರಿಗಾಗಿ ಲಕ್ಷಗಟ್ಟಲೆ ಕೊಂಡಿತು. ಊರಿಗೆ ಮರಳಿದ ಸೈನಿಕರು ಮತ್ತೆ ಅಪ್ಪಂದಿರ ಕತ್ತಿ ಮುಟ್ಟಲಿಲ್ಲ. ಕ್ಷೌರದಂಗಡಿಗಳಲ್ಲಿ ಅದು ಇನ್ನೂ ಅರ್ಧ ಶತಮಾನ ಬಾಳಿತು. ನಮ್ಮಲ್ಲೂ ಹಳೆಯ ಹಡಪಗಳಲ್ಲಿ ಸೋಲಿಂಗೆನ್ ಕತ್ತಿ, ಮಸೆಗಲ್ಲು, ತೊಗಲಪಟ್ಟಿ ಇರುತ್ತಿದ್ದವು. ಏಡ್ಸ್ ಭಯ ಬಂದ ಮೇಲೆ ಪ್ರತಿ ಗಿರಾಕಿಗೂ ಅರ್ಧ ಬ್ಲೇಡು ಮುರಿದು ಸಿಕ್ಕಿಸುವ ಕತ್ತಿ ಬಂತು, ಹಳೆಯದು ಗುಜರಿಗೆ ಹೋಯಿತು. ಬೆಂಗಳೂರಿನ ಸಂಡೇ ಬಜಾರ್, ಮುಂಬೈಯ ಚೋರ್ ಬಜಾರ್‌ಗಳ ನೆಲಹಾಸಿನ ಮೇಲೆ ಆಗಾಗ ಕಾಣಿಸುವುದು ಅಂಥವೇ. ಅವುಗಳ ಬೆನ್ನು ಸವೆದು ಅಲಗು ಅರ್ಧಕ್ಕಿಳಿದಿರುತ್ತದೆ. ಅಷ್ಟು ಮುಖಗಳನ್ನು ಕಂಡ ಕತ್ತಿಗಳವು.

ತುಕ್ಕು, ಬ್ರಾಸೋ, ತಾಳ್ಮೆ

ಈಗ ಕೈಗೆ ಬಂದ ಕತ್ತಿಯನ್ನು ಏನು ಮಾಡುವುದು? ಮೊದಲು ಅದಕ್ಕೆ ಜೀವವಿದೆಯೇ ನೋಡಬೇಕು. ಅಂಚನ್ನು ಹೆಬ್ಬೆರಳ ಉಗುರಿನ ಮೇಲೆ ಒಂದು ಚೂರೂ ಭಾರ ಬಿಡದೆ ಮೆಲ್ಲಗೆ ಒರಗಿಸಿ, ದೀಪದ ಕೆಳಗೆ ಬೆಳಕಿನ ಗೆರೆ ಎಲ್ಲಿ ಮುರಿಯುತ್ತದೆ ಎಂದು ನೋಡುತ್ತಾರೆ. ಕೂದಲೆಳೆಯ ಬಿರುಕಿದ್ದರೆ ಅಲ್ಲಿ ಗೆರೆ ತುಂಡಾಗುತ್ತದೆ. ಬಿರುಕು ಬಿಟ್ಟ ಅಲಗಿಗೆ ಔಷಧವಿಲ್ಲ. ಕ್ಷೌರಕ್ಕೆ ಬಾರದು, ಪ್ರದರ್ಶನಕ್ಕಿಡಬಹುದು.

ತುಕ್ಕಿನಲ್ಲಿ ಎರಡು ಬಗೆ. ಕೆಂಪು ತುಕ್ಕು ಜೀವಂತ, ತಿನ್ನುತ್ತಲೇ ಇರುತ್ತದೆ. ಕಪ್ಪಾಗಿ ಗಟ್ಟಿಯಾಗಿ ಅಂಟಿಕೊಂಡ ಪೊರೆ ಬೇರೆ ಜಾತಿಯದು. ಅದು ತಕ್ಕಮಟ್ಟಿಗೆ ಉಕ್ಕನ್ನು ಕಾಯುತ್ತದೆ. ಕೆಂಪನ್ನು ತೆಗೆಯಲೇಬೇಕು. ಅದಕ್ಕೆ ಹೊಲಿಗೆ ಯಂತ್ರದ ಎಣ್ಣೆ ಹಾಕಿ ಒಂದು ದಿನ ಬಿಟ್ಟು, ಹೊಸ ಬ್ಲೇಡಿನ ಅಂಚಿನಿಂದ ಚಪ್ಪಟೆಯಾಗಿ ಕೆರೆದರೆ ಹೆಚ್ಚಿನದು ಏಳುತ್ತದೆ. ಉಳಿದದ್ದಕ್ಕೆ ಅತಿ ನಯವಾದ ಉಕ್ಕಿನ ಉಣ್ಣೆ ಮತ್ತು ಅದೇ ಎಣ್ಣೆ. ನಿಲ್ಲಬೇಕಾದದ್ದು ಇಲ್ಲಿಯೇ. ಕಪ್ಪು ಪೊರೆಯ ಕೆಳಗೆ ಸೂಜಿಮೊನೆಯಂಥ ಗುಳಿಗಳಿರುತ್ತವೆ. ಅವನ್ನು ಅಳಿಸಬೇಕೆಂದರೆ ಗುಳಿಯ ತಳದವರೆಗೆ ಸುತ್ತಲಿನ ಉಕ್ಕನ್ನೆಲ್ಲ ಉಜ್ಜಿ ಇಳಿಸಬೇಕು. ಗುಳಿ ಅಂಚಿನ ಮೇಲಿಲ್ಲದಿದ್ದರೆ ಕ್ಷೌರಕ್ಕೆ ಅದರಿಂದ ಯಾವ ತೊಂದರೆಯೂ ಇಲ್ಲ. ಕಣ್ಣಿಗೆ ತೊಂದರೆ, ಅಷ್ಟೆ.

ಉಜ್ಜಿ ಇಳಿಸಿದರೆ ಏನಾಯಿತು ಎನ್ನುವವರು ಕತ್ತಿಯ ಲೆಕ್ಕ ತಿಳಿಯಬೇಕು. ಮಸೆಯುವಾಗ ಬೆನ್ನು ಮತ್ತು ಅಂಚು ಎರಡೂ ಕಲ್ಲಿಗೆ ತಾಗುವ ಹಾಗೆ ಮಲಗಿಸುತ್ತಾರೆ. ಬೆನ್ನು ಎಷ್ಟು ದಪ್ಪ, ಅಲಗು ಎಷ್ಟು ಅಗಲ ಎಂಬುದರ ಮೇಲೆ ಅಂಚಿನ ಕೋನ ತಾನಾಗಿ ಬರುತ್ತದೆ. 19 ಮಿಲಿಮೀಟರ್ ಅಗಲದ ಅಲಗಿಗೆ ಐದೂವರೆ ಮಿಲಿಮೀಟರ್ ಬೆನ್ನಿದ್ದರೆ ಕೋನ ಸುಮಾರು ಹದಿನಾರೂವರೆ ಡಿಗ್ರಿ. ಬೆನ್ನನ್ನು ಹೊಳಪಿಗೆಂದು ಉಜ್ಜಿ ತೆಳುವಾಗಿಸಿದರೆ ಕೋನ ಕಿರಿದಾಗಿ ಅಂಚು ಮುಖದ ಮೇಲೇ ಪುಡಿಯಾಗುತ್ತದೆ. ಸಾಣೆ ಹಿಡಿದವನು ಕೊಟ್ಟ ಈ ಲೆಕ್ಕವನ್ನು ಒಮ್ಮೆ ಕೆಡಿಸಿದರೆ ಮತ್ತೆ ತರಲಾಗದು.

ಮೋಟಾರಿನ ಚಕ್ರಕ್ಕೆ ಇನ್ನೂ ಒಂದು ಪಾಪವಿದೆ. ಕೆಂಪಗೆ ಕಾಯಿಸಿ ಅದ್ದಿದ ಅಲಗು ಗಾಜಿನಂತೆ ಪೆಡಸಾಗುತ್ತದೆ. ಅದನ್ನು ಸುಮಾರು 200 ಡಿಗ್ರಿಯ ಸುತ್ತ ಮತ್ತೆ ಹದವಾಗಿ ಬಿಸಿ ಮಾಡಿ ಪೆಡಸು ಇಳಿಸುತ್ತಾರೆ. ಮೈ ಒಣಹುಲ್ಲಿನ ಬಣ್ಣಕ್ಕೆ ಬಂದರೆ ಹದ ಕೂಡಿತು ಎಂದರ್ಥ. ಚಕ್ರಕ್ಕೆ ಒತ್ತಿದಾಗ ಅಲಗಿನ ದಪ್ಪ ಭಾಗ ಬೆಚ್ಚಗಾಗುವಷ್ಟರಲ್ಲಿ ತೆಳು ಅಂಚು 300 ಡಿಗ್ರಿ ಮುಟ್ಟಿರಬಹುದು. ನೀಲಿ ಬಣ್ಣ ಕಂಡರೆ ಆ ಜಾಗದ ಹದ ಹೋಯಿತು. ನೀಲಿಯನ್ನೂ ಉಜ್ಜಿ ತೆಗೆದು ಮಾರುವವರಿದ್ದಾರೆ. ಕೊಂಡವನಿಗೆ ಗೊತ್ತಾಗುವುದು ಎರಡನೇ ಕ್ಷೌರಕ್ಕೆ. ಸಾಲದೆಂಬಂತೆ ಚಕ್ರ ಕತ್ತಿಯನ್ನು ಕಿತ್ತು ಎಸೆಯುವುದೂ ಉಂಟು. ಆಗ ಅದು ಎತ್ತ ಹೋಗುತ್ತದೆ ಎಂಬುದು ಎದುರು ನಿಂತವರ ಅದೃಷ್ಟ.

ಲೋಹಕ್ಕೆ ಹೊಳಪು ಕೊಡುವ ಬ್ರಾಸೋ ಕೂಡ ಸಾಧುವಲ್ಲ. ಅಲಗಿನ ಮೇಲೆ ಆಮ್ಲದಿಂದ ಕೊರೆದು ಚಿನ್ನದ ತೆಳುಲೇಪ ತುಂಬಿದ ಚಿತ್ರ, ಬರಹಗಳಿರುತ್ತವೆ. ಹಡಗು, ಹದ್ದು, ಏಳು ಕತ್ತಿಗಳ ಪೆಟ್ಟಿಗೆಯಾದರೆ ಒಂದೊಂದರ ಬೆನ್ನಿನ ಮೇಲೆ ಒಂದೊಂದು ವಾರದ ಹೆಸರು. ಆ ಚಿನ್ನ ಎಷ್ಟು ತೆಳುವೆಂದರೆ ಹೊಳಪು ಪೇಸ್ಟು ಹಚ್ಚಿದ ಬಟ್ಟೆಯ ನಾಲ್ಕು ತಿಕ್ಕಿಗೆ ಮಾಯ. ಅಲ್ಲಿ ಸಾಬೂನು ನೀರು, ಮೆತ್ತನೆಯ ಬಟ್ಟೆ, ಅಷ್ಟೇ. ವಾರಕ್ಕೆ ಏಳು ಕತ್ತಿ ಏಕೆ ಎಂದರೆ, ಉಕ್ಕಿಗೂ ದಣಿವಾಗುತ್ತದೆ, ಬಿಡುವು ಕೊಟ್ಟರೆ ಹರಿತ ಮರಳುತ್ತದೆ ಎಂಬ ನಂಬಿಕೆ ಇತ್ತು. ಶ್ರೀಮಂತರು ಅದಕ್ಕೆ ದುಡ್ಡು ಸುರಿದದ್ದರಿಂದ ನಮಗೆ ಕೆಲವು ಚೆಂದದ ಪೆಟ್ಟಿಗೆಗಳು ಉಳಿದವು.

ಹಿಡಿಯ ಕಾಯಿಲೆ

ಅಲಗಿಗಿಂತ ನನ್ನ ಕುತೂಹಲ ಕೆರಳಿಸುವುದು ಹಿಡಿ. ಕೋಣ-ಎಮ್ಮೆಗಳ ಕೊಂಬು ಇಂಡಿಯಾದಿಂದಲೂ ಶೆಫೀಲ್ಡಿಗೆ ಹೋಗುತ್ತಿತ್ತು. ಕಾಯಿಸಿ ಮೆತ್ತಗಾಗಿಸಿ ಅಚ್ಚಿನಲ್ಲಿ ಒತ್ತಿದರೆ ಕೊಂಬಿನ ಮೇಲೆ ಕುದುರೆ, ಬೇಟೆಗಾರ, ಬಳ್ಳಿ ಎಲ್ಲ ಮೂಡುತ್ತವೆ. ಒಣಗಿ ಸೊಟ್ಟಗಾದ ಕೊಂಬಿಗೆ ಎಣ್ಣೆಯಲ್ಲಿ ಕೆಲವು ದಿನ ನೆನೆಹಾಕುವುದೇ ಚಿಕಿತ್ಸೆ. ಬತ್ತಿದ ಬಣ್ಣ ಏರಿ, ಬೆಳಕಿಗೆ ಹಿಡಿದರೆ ಜೇನಿನಂತೆ ಕಾಣುತ್ತದೆ. ಕೊಂಬು ತಿನ್ನುವ ಹುಳು ಇದೆ. ಒಂದು ಹಿಡಿಯಲ್ಲಿ ಕಂಡರೆ ಇಡೀ ಪೆಟ್ಟಿಗೆ ತಪಾಸಣೆ ಮಾಡಬೇಕು.

ಹುಳುವಿಗಿಂತ ದೊಡ್ಡ ಶತ್ರು ಸೆಲ್ಯುಲಾಯ್ಡ್. 1870ರಲ್ಲಿ ಅಮೆರಿಕದ ಜಾನ್ ವೆಸ್ಲಿ ಹಯಾಟ್ ಪೇಟೆಂಟ್ ಪಡೆದ ಈ ವಸ್ತು ದಂತದ ವೇಷ, ಆಮೆಚಿಪ್ಪಿನ ವೇಷ ಹಾಕಿಕೊಂಡು ಕ್ಷೌರಕತ್ತಿಯ ಹಿಡಿಯನ್ನು ಆವರಿಸಿತು. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಮಾಗಿಸಿ ಕರ್ಪೂರ ಬೆರೆಸಿದರೆ ಸೆಲ್ಯುಲಾಯ್ಡ್. ದಶಕಗಳು ಕಳೆದಂತೆ ಅದು ತಾನೇ ಒಡೆದು, ಬಂದ ಆಮ್ಲವನ್ನೇ ಹೊಗೆಯಾಗಿ ವಾಪಸು ಕೊಡತೊಡಗುತ್ತದೆ. ಮಡಿಚಿಟ್ಟ ಅಲಗಿನ ಮೇಲೆ ಹಿಡಿಯೊಳಗೆ ಮುಚ್ಚಿರುವ ಭಾಗಕ್ಕೆ ಮಾತ್ರ ಗೆರೆ ಕೊರೆದಂತೆ ತುಕ್ಕು ಹಿಡಿದಿದ್ದರೆ ಕಾರಣ ಇದೇ. ಪಾರದರ್ಶಕವಾದ ಆಮೆಚಿಪ್ಪಿನ ನಕಲುಗಳು ಹೆಚ್ಚು ಅಪಾಯದವು. ಅಂಥ ಒಂದು ಕತ್ತಿಯನ್ನು ಮುಚ್ಚಿದ ಡಬ್ಬಿಯಲ್ಲಿ ಉಳಿದವುಗಳ ಜೊತೆ ಇಟ್ಟರೆ ಅಕ್ಕಪಕ್ಕದ ಒಳ್ಳೆಯ ಅಲಗುಗಳೂ ಹಾಳು. ಅದಕ್ಕೆ ಗಾಳಿಯಾಡುವ ಬೇರೆ ಜಾಗ ಬೇಕು. ಹಿಡಿ ಬಿರಿಯಲು ಶುರುವಾಗಿದ್ದರೆ ಅದನ್ನು ತೆಗೆದುಹಾಕುವುದೇ ಸರಿ. ಇದೊಂದು ವಿಷಯದಲ್ಲಿ ನಾನು ಹಳೆಯದರ ಪರವಲ್ಲ.

ತೆಗೆಯುವ ಮೊದಲು ಅದು ಏನೆಂದು ಖಾತ್ರಿಯಾಗಬೇಕು. ಸೂಜಿ ಕಾಯಿಸಿ ಚುಚ್ಚಿ ನೋಡುವ ಹಳೆಯ ಪರೀಕ್ಷೆಯನ್ನು ದಯವಿಟ್ಟು ಮಾಡಬೇಡಿ. ಸೆಲ್ಯುಲಾಯ್ಡ್ ಭಗ್ಗನೆ ಹತ್ತಿಕೊಳ್ಳುತ್ತದೆ. ಬಿಸಿನೀರಿನಲ್ಲಿ ಅದ್ದಿ ತಿಕ್ಕಿ ಮೂಸಿದರೆ ಕರ್ಪೂರದ ವಾಸನೆ ಸಾಕ್ಷಿ ಹೇಳುತ್ತದೆ. ನಿಜವಾದ ದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ಕತ್ತರಿಸುವ ಬಾಗುಗೆರೆಗಳಿರುತ್ತವೆ. ನಕಲಿಯಲ್ಲಿ ಗೆರೆಗಳು ಅಳತೆಪಟ್ಟಿ ಇಟ್ಟು ಎಳೆದಷ್ಟು ಸಾಲಾಗಿ ಓಡುತ್ತವೆ.

ದಂತವೇ ಎಂದು ಗೊತ್ತಾದರೆ ಇನ್ನೊಂದು ತಲೆನೋವು. ಬ್ರಿಟನ್ನಿನ 2018ರ ದಂತ ಕಾಯ್ದೆ 2022ರ ಜೂನ್‌ನಲ್ಲಿ ಜಾರಿಗೆ ಬಂದ ಮೇಲೆ ಅಲ್ಲಿ ದಂತದ ವಸ್ತುಗಳ ಮಾರಾಟ ಬಹುಮಟ್ಟಿಗೆ ನಿಂತಿದೆ. 1947ಕ್ಕೆ ಹಿಂದಿನದಾಗಿದ್ದು ದಂತದ ಪಾಲು ಶೇ 10ಕ್ಕಿಂತ ಕಡಿಮೆ ಇದ್ದರೆ ವಿನಾಯಿತಿ ಉಂಟು. ಹಿಡಿಯೇ ಪೂರ್ತಿ ದಂತದ್ದಾದರೆ ಕ್ಷೌರಕತ್ತಿ ಆ ಮಿತಿಯೊಳಗೆ ಬರುವುದಿಲ್ಲ. ನಮ್ಮಲ್ಲಂತೂ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986 ಮತ್ತು 1991ರಲ್ಲಿ ಆದ ತಿದ್ದುಪಡಿಗಳ ನಂತರ ದಂತದ ವ್ಯಾಪಾರಕ್ಕೆ ದಾರಿಯೇ ಇಲ್ಲ, ಪರದೇಶದ ದಂತವಾದರೂ ಸರಿ. ಆನೆಗಳ ಲೆಕ್ಕ ಹಾಕಿದರೆ ಇದು ನ್ಯಾಯವೇ. ಆದರೆ ಇದರ ಒಂದು ಅಡ್ಡಪರಿಣಾಮ ಯಾರೂ ಎಣಿಸಿರಲಿಕ್ಕಿಲ್ಲ: ಅಲಗನ್ನು ಮಾರಲು ಅನುಕೂಲವಾಗಲಿ ಎಂದು ಮೊಳೆ ಕಿತ್ತು ದಂತದ ಹಿಡಿ ಕಳಚಿ, ಪ್ಲಾಸ್ಟಿಕ್ಕಿನ ಹೊಸ ಹಿಡಿ ಹಾಕುವವರು ಹುಟ್ಟಿಕೊಂಡಿದ್ದಾರೆ. ಎರಡು ಶತಮಾನ ಜೊತೆಗಿದ್ದ ಎರಡು ಭಾಗಗಳು ಬೇರೆಯಾಗುತ್ತವೆ.

ಹಿಡಿ ಬಿಚ್ಚುವುದು ಕಷ್ಟದ ಕೆಲಸವಲ್ಲ, ಎಚ್ಚರದ ಕೆಲಸ. ಹಿತ್ತಾಳೆ ಮೊಳೆಯ ತಲೆಯನ್ನು ಅರದಿಂದ ಉಜ್ಜಿ, ಬಿಲ್ಲೆ ತೆಗೆದು, ಹಿಂದಿನಿಂದ ಮೆಲ್ಲಗೆ ತಟ್ಟಿದರೆ ಹೊರಬರುತ್ತದೆ. ಹಿಡಿಯ ತುದಿಯಲ್ಲಿ ಅದರ ಎರಡು ಪಟ್ಟಿಗಳ ನಡುವೆ ಕೂರುವ ಬೆಣೆ ಹಳೆಯ ಕತ್ತಿಗಳಲ್ಲಿ ಸೀಸದ್ದು. ಅದರ ಬಿಳಿ ಪುಡಿ ವಿಷ, ಉಜ್ಜುವಾಗ ಒದ್ದೆ ಮಾಡಿಕೊಳ್ಳಬೇಕು, ಕೈ ತೊಳೆಯಬೇಕು. ಹಿಡಿ ಗಟ್ಟಿಯಾಗಿದ್ದರೆ ಬಿಚ್ಚಲೇಬೇಡಿ. ಮೂಲ ಮೊಳೆಯೂ ಒಂದು ದಾಖಲೆ.

ಮಸೆಗಲ್ಲಿನ ಮೇಲೆ

ಹರಿತ ಮಾಡಬೇಕೋ ಬೇಡವೋ ಎಂಬ ಜಗಳ ಸಂಗ್ರಹಕಾರರ ನಡುವೆ ಮುಗಿಯುವಂಥದಲ್ಲ. ಬಳಸದ ಕತ್ತಿ ಬರೀ ಕಬ್ಬಿಣ ಎನ್ನುವವರು ಒಂದು ಕಡೆ. ಒಂದೊಂದು ಮಸೆತಕ್ಕೂ ಅಲಗು ಕರಗುತ್ತದೆ, ಇನ್ನು ಮುಂದೆ 1820ರ ಕತ್ತಿಯನ್ನು ಯಾರೂ ಮಾಡಲಾರರು ಎನ್ನುವವರು ಇನ್ನೊಂದು ಕಡೆ. ಈ ಎರಡನೆಯವರ ಪರವಾಗಿ ವಿಜ್ಞಾನವೂ ಒಂದು ಮಾತು ಸೇರಿಸಿದೆ. ಅಮೆರಿಕದ ಎಂಐಟಿಯ ಮೂವರು ಸಂಶೋಧಕರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ, ತನಗಿಂತ ಐವತ್ತು ಪಟ್ಟು ಗಟ್ಟಿಯಾದ ಉಕ್ಕನ್ನು ಕೂದಲು ಹೇಗೆ ಮುಕ್ಕಾಗಿಸುತ್ತದೆ ಎಂಬುದನ್ನು ಸೂಕ್ಷ್ಮದರ್ಶಕದ ಕೆಳಗೆ ತೋರಿಸಿತು. ಅಂಚು ನಿಧಾನವಾಗಿ ಸವೆದು ಮೊಂಡಾಗುತ್ತದೆ ಎಂದು ನಾವು ತಿಳಿದಿದ್ದೆವು. ಉಕ್ಕಿನ ರಚನೆ ಒಂದೇ ಸಮನಿಲ್ಲದ ಜಾಗಕ್ಕೆ ಕೂದಲು ಓರೆಯಾಗಿ ತಾಗಿದರೆ ಅಂಚು ಚೂರುಚೂರಾಗಿ ಸಿಡಿಯುತ್ತದಂತೆ. ಅವರು ನೋಡಿದ್ದು ಈ ಕಾಲದ ಬ್ಲೇಡು. ಆದರೆ ಕಿಟ್ಟವಿಲ್ಲದ, ಸಮನಾದ ಉಕ್ಕಿಗೆ ಹಂಟ್ಸ್‌ಮನ್ ಅಷ್ಟು ಹೆಣಗಿದ್ದು ಏಕೆಂದು ಇದರಿಂದ ಚೆನ್ನಾಗಿ ಅರ್ಥವಾಗುತ್ತದೆ.

ನಾನು ನಡುವಿನ ದಾರಿಯವನು. ಕಳೆದ ಶತಮಾನದ ಮಾಮೂಲಿ ಸೋಲಿಂಗೆನ್ ಕತ್ತಿಗಳು ಇನ್ನೂ ಹೇರಳವಾಗಿವೆ. ಅವನ್ನು ಮಸೆದು ಬಳಸಿದರೆ ಯಾರಿಗೂ ನಷ್ಟವಿಲ್ಲ. ಸಾವಿರ ಗ್ರಿಟ್ಟಿನ ಕಲ್ಲಿನ ಮೇಲೆ ಎರಡು ಬದಿಯ ಇಳಿಜಾರು ಒಂದಕ್ಕೊಂದು ಕೂಡುವವರೆಗೆ ಕೆಲಸ, ಆಮೇಲೆ ನಾಲ್ಕು, ಎಂಟು, ಹನ್ನೆರಡು ಸಾವಿರದ ಕಲ್ಲು. ಮೊದಲ ಹಂತ ಸರಿಯಾಗದೆ ಮೇಲಿನ ಕಲ್ಲಿಗೆ ಹೋದರೆ ಎಷ್ಟು ತಿಕ್ಕಿದರೂ ವ್ಯರ್ಥ. ಬೆನ್ನು ಸವೆಯದಿರಲೆಂದು ಅದಕ್ಕೆ ಎಲೆಕ್ಟ್ರಿಕ್ ಟೇಪು ಅಂಟಿಸಿಕೊಳ್ಳುವುದು ಒಳ್ಳೆಯದು. ಹಳೆಯ ಕಾಲದ ರುಚಿ ಬೇಕೆನ್ನುವವರು ಬೆಲ್ಜಿಯಂನ ಆರ್ಡೆನ್ ಬೆಟ್ಟದ ಹಳದಿ ಕೋಟಿಕ್ಯೂಲ್ ಕಲ್ಲಿಗೆ ಮಾರುಹೋಗುತ್ತಾರೆ. ಅದರೊಳಗಿನ ಗಾರ್ನೆಟ್ ಹರಳುಗಳೇ ಉಕ್ಕನ್ನು ಕೊಯ್ಯುವುದು. ಕೊನೆಗೆ ಕ್ಯಾನ್ವಾಸು, ತೊಗಲು. ತೊಗಲಪಟ್ಟಿಯ ಮೇಲೆ ಕತ್ತಿ ತಿರುಗಿಸುವಾಗ ಬೆನ್ನಿನ ಮೇಲೇ ಹೊರಳಿಸಬೇಕು, ಬಾಯಿಯ ಮೇಲೆ ಹೊರಳಿಸಿದರೆ ಪಟ್ಟಿ ಹೋಳಾಗುತ್ತದೆ. ಯಾರು ಹೇಳಿಕೊಟ್ಟರೂ ಹೊಸಬರ ಮೊದಲ ಪಟ್ಟಿಗೆ ಈ ಗತಿ ತಪ್ಪಿದ್ದಲ್ಲ. ಆದ್ದರಿಂದ ಮೊದಲನೆಯದನ್ನು ಅಗ್ಗದ್ದೇ ಕೊಳ್ಳಿ.

ಕತ್ತಿಯನ್ನೂ ಹಾಗೆಯೇ. ಶುರುಮಾಡುವವರು ಅಂಗುಲದ ಎಂಟನೇ ಐದು ಅಥವಾ ಆರು ಭಾಗ ಅಗಲದ, ಅಂಚು ನೇರವಾಗಿರುವ, ಬೆನ್ನು ಎರಡೂ ಬದಿಗೆ ಸಮವಾಗಿ ಸವೆದ ಸೋಲಿಂಗೆನ್ ಹುಡುಕಲಿ. ಅಂಚಿನ ನಡುಭಾಗ ಒಳಕ್ಕೆ ತಗ್ಗಿದ್ದನ್ನು ಬಿಡಿ. ಕನ್ನಡಿಯಂತೆ ಹೊಳೆಯುತ್ತ ಕುತ್ತಿಗೆಯ ಅಕ್ಷರಗಳ ಅಂಚು ಮೇಣದಂತೆ ಕರಗಿ ಕಾಣುವುದನ್ನಂತೂ ಮುಟ್ಟಲೇಬೇಡಿ, ಮಾರುವವನು ಎಷ್ಟೇ ಹೊಗಳಲಿ. ಮಳೆಗಾಲದಲ್ಲಿ ಎಣ್ಣೆ ಸವರಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಕೊಬ್ಬರಿ ಎಣ್ಣೆ ಬೇಡ, ಜಿಗುಟಾಗುತ್ತದೆ. ಮೊದಲ ಒಂದೆರಡು ವಾರ ಸುಮ್ಮನೆ ಭೂತಗನ್ನಡಿ ಹಿಡಿದು ನೋಡಿ, ಬ್ರಾಸೋ ಡಬ್ಬಿಯನ್ನು ಮನೆಯವರ ಕೈಗೆ ಕೊಟ್ಟು ಎಲ್ಲಾದರೂ ಬಚ್ಚಿಡಲು ಹೇಳಿ.